ಡಿಕ್ ಡೇಲ್: ಒಂದೇ ತಂತಿಯ ಮೇಲೆ ಕಡಲು ಎಬ್ಬಿಸಿದವರ ಬಗ್ಗೆ ಮಾತಾಡೋಣ

ತಂತಿಪ್ರೇಮಿ
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇದನ್ನು ಬರೆಯಬೇಕು ಅಂದುಕೊಂಡಿದ್ದೆ. ನಮ್ಮಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾತು ಬಂದರೆ ಹೆಂಡ್ರಿಕ್ಸ್, ಕ್ಲಾಪ್ಟನ್, ಪೇಜ್ ಅಂತ ಅಲ್ಲೇ ಸುತ್ತುತ್ತಿರುತ್ತದೆ. ಅಮೆರಿಕದ ಗಿಟಾರ್ ವಾದಕ ಡಿಕ್ ಡೇಲ್ ಹೆಸರು ಹೇಳಿದರೆ "ಪಲ್ಪ್ ಫಿಕ್ಷನ್ ಸಿನಿಮಾದ ಟ್ಯೂನ್ ಅಲ್ವಾ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಬೇಜಾರು. ಅವರ ಬದುಕು ಆ ಎರಡೂವರೆ ನಿಮಿಷಕ್ಕಿಂತ ತುಂಬಾ ದೊಡ್ಡದು.

ಹುಟ್ಟಿದ್ದು 1937ರ ಮೇ 4, ಬಾಸ್ಟನ್‌ನಲ್ಲಿ. ಅಪ್ಪ ಅಮ್ಮ ಇಟ್ಟ ಹೆಸರು ರಿಚರ್ಡ್ ಆಂಟನಿ ಮನ್ಸೂರ್. ಅಪ್ಪನ ಕಡೆಯವರು ಲೆಬನಾನಿನ ಮೂಲದವರು. ಅಮ್ಮನ ಕಡೆ ಪೋಲೆಂಡ್, ಬೆಲಾರೂಸ್. ಬೆಳೆದದ್ದು ಬಾಸ್ಟನ್ ಪಕ್ಕದ ಕ್ವಿನ್ಸಿ ಊರಲ್ಲಿ. ಮನೆಯಲ್ಲಿ ಹಬ್ಬ ಮದುವೆ ಅಂದರೆ ಸೋದರಮಾವ ಚಿಕ್ಕಪ್ಪಂದಿರ ವಾದ್ಯ ಇರಲೇಬೇಕು. ಅವರಲ್ಲೊಬ್ಬರು ಊದ್ ನುಡಿಸುತ್ತಿದ್ದರು. ಅರಬರ ವಾದ್ಯ ಅದು, ಹೊಟ್ಟೆ ಗುಂಡಗೆ, ಕತ್ತು ಗಿಡ್ಡ. ಅವರಿಂದಲೇ ಹುಡುಗ ದರ್ಬೂಕಾ ಬಾರಿಸುವುದನ್ನೂ ಕಲಿತ. ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಬಡಿಯುವ ಆ ಹೂಜಿ ಆಕಾರದ ಚರ್ಮವಾದ್ಯ. ಅದರ ಜೊತೆಗೆ ಜೀನ್ ಕ್ರೂಪಾ ಎಂಬ ಜಾಝ್ ಡ್ರಮ್ಮರ್ ಹುಚ್ಚು. ಪಿಯಾನೊ, ಯುಕುಲೇಲೆ, ಟ್ರಂಪೆಟ್ ಎಲ್ಲಾ ಕೈಗೆ ಬಂತು. ಗಿಟಾರ್ ಬಂದಾಗ ಆ ಕೈ ಆಗಲೇ ಡ್ರಮ್ ಬಾರಿಸುವ ಕೈ ಆಗಿತ್ತು. ಇಡೀ ಚರ್ಚೆಯಲ್ಲಿ ನಾನು ಹೇಳಬೇಕು ಅಂತಿರುವುದು ಇಷ್ಟೇ. ಡೇಲ್ ಗಿಟಾರ್ ನುಡಿಸಲಿಲ್ಲ, ಬಾರಿಸಿದರು.

1954ರಲ್ಲಿ ಅಪ್ಪನಿಗೆ ವಿಮಾನ ಕಂಪನಿಯಲ್ಲಿ ಕೆಲಸ ಸಿಕ್ಕಿ ಮನೆ ಮಂದಿಯೆಲ್ಲಾ ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೊಗೆ ಬಂದರು. ಹುಡುಗನಿಗೆ 17 ವರ್ಷ. ಅಲ್ಲೇ ಅಲೆ ಸವಾರಿ ಕಲಿತದ್ದು. ಹಳ್ಳಿ ಹಾಡುಗಳ ಸ್ಪರ್ಧೆಗಳಲ್ಲಿ ಹಾಡುತ್ತಿದ್ದ ಕಾಲದಲ್ಲಿ ರೇಡಿಯೊದವರೊಬ್ಬರು "ಡಿಕ್ ಡೇಲ್" ಅನ್ನುವ ಹೆಸರು ಕೊಟ್ಟರು.

ಇನ್ನೊಂದು ವಿಷಯ. ಅವರು ಎಡಗೈಯವರು. ಸಿಕ್ಕಿದ ಗಿಟಾರ್ ಬಲಗೈಯವರದ್ದು. ಸುಮ್ನೆ ತಿರುಗಿಸಿ ಹಿಡಿದರು. ತಂತಿ ಬಿಚ್ಚಿ ಅದಲು ಬದಲು ಮಾಡಲಿಲ್ಲ. ಹಾಗಾಗಿ ದಪ್ಪ ತಂತಿ ಕೆಳಗೆ, ತೆಳು ತಂತಿ ಮೇಲೆ. ಹೆಂಡ್ರಿಕ್ಸ್ ಕೂಡ ಎಡಗೈಯವರೇ, ಆದರೆ ಅವರು ತಂತಿ ಬದಲಾಯಿಸಿಕೊಂಡಿದ್ದರು. ಡೇಲ್ ಕೊನೆವರೆಗೂ ಉಲ್ಟಾನೇ. ಮುಂದೆ ಅವರಿಗಾಗಿಯೇ ಎಡಗೈ ಗಿಟಾರ್ ಬಂದ ಮೇಲೂ ತಂತಿಗಳನ್ನು ಅದೇ ಉಲ್ಟಾ ಕ್ರಮದಲ್ಲೇ ಹಾಕಿಸಿಕೊಂಡರು.

ಅವರು ಹೆಸರು ಮಾಡಿದ ಕಡಲತೀರ ಬಾಲ್ಬೊವಾದ ಕಥೆ ಮುಂದೆ ಬರೆಯುತ್ತೇನೆ. ಯಾರಿಗಾದರೂ ಸೇರಿಸುವುದಿದ್ದರೆ ಸೇರಿಸಿ.

ಹೊಸಬೆರಳು
ಅಣ್ಣ, ಸರಿಯಾದ ಹೊತ್ತಿಗೆ ಬರೆದಿರಿ. ನಾನು ಎರಡು ವಾರದಿಂದ ಮಿಸಿರ್ಲೂ, ಅದೇ ಪಲ್ಪ್ ಫಿಕ್ಷನ್ ಟ್ಯೂನ್, ಕಲಿಯುತ್ತಿದ್ದೇನೆ. ಸ್ವರಗಳು ಬಾಯಿಪಾಠ ಆಗಿವೆ. ಆದರೆ ಬಲಗೈ ಹತ್ತು ಸೆಕೆಂಡಿಗೆ ಕಲ್ಲಾಗುತ್ತದೆ. ಮೊಣಕೈ ಹತ್ತಿರ ಉರಿ. ಅವನು ಹೇಗೆ ಇಡೀ ಹಾಡು ನುಡಿಸುತ್ತಿದ್ದ? ನನ್ನದು 9ರ ತಂತಿ (ಅತಿ ತೆಳು ತಂತಿಯ ದಪ್ಪ ಅಂಗುಲದ ಸಾವಿರದಲ್ಲಿ 9 ಪಾಲು), ಅಂಗಡಿಯಿಂದ ಬಂದಾಗ ಏನಿತ್ತೋ ಅದೇ.

ಮಂದ್ರ
ನಾನು ಗಿಟಾರ್ ನುಡಿಸುವವಳಲ್ಲ. ಶಿವಮೊಗ್ಗದಲ್ಲಿ ಮಕ್ಕಳಿಗೆ ವೀಣೆ ಹೇಳಿಕೊಡುತ್ತೇನೆ. ನನ್ನ ತಮ್ಮ ಈ ಹಾಡನ್ನು ಮನೆಯಲ್ಲಿ ಹಾಕಿದಾಗ ನಾನು ಅಡುಗೆಮನೆಯಿಂದ ಹೊರಗೆ ಬಂದೆ. ಯಾಕೆ ಗೊತ್ತಾ? ಅದು ಮಾಯಾಮಾಳವಗೌಳದ ಸ್ವರಗಳು!

ಕರ್ನಾಟಕ ಸಂಗೀತ ಕಲಿತವರಿಗೆ ಬಿಡಿಸಿ ಹೇಳಬೇಕಿಲ್ಲ. ಸರಳೆ ವರಸೆಯಿಂದಲೇ ಶುರುವಾಗುವ ರಾಗ. ಪುರಂದರದಾಸರೇ ಹಾಕಿಕೊಟ್ಟ ಪಾಠಕ್ರಮ ಅಂತ ನಮ್ಮ ಪರಂಪರೆಯಲ್ಲಿ ಹೇಳುತ್ತಾರೆ. ರಿಷಭ ಷಡ್ಜಕ್ಕೆ ಅಂಟಿಕೊಂಡೇ ಇರುತ್ತದೆ. ಅಲ್ಲಿಂದ ಗಾಂಧಾರಕ್ಕೆ ಒಂದು ದೊಡ್ಡ ಹೆಜ್ಜೆ. ಹಾಗೇ ಧೈವತ ಪಂಚಮಕ್ಕೆ ಅಂಟಿ, ನಿಷಾದ ದೂರ. ಮಿಸಿರ್ಲೂ ಶುರುವಾಗುವುದೇ ಸ, ರಿ, ಗ ಅಂತ. ಆ ರಿಯಿಂದ ಗಕ್ಕೆ ಜಿಗಿಯುವ ಜಾಗದಲ್ಲೇ ಇಡೀ ಹಾಡಿನ ಬಣ್ಣ ಇದೆ. ಗ್ರೀಕ್, ತುರ್ಕಿ, ಅರಬ್ ಸಂಗೀತದಲ್ಲಿ ಇದೇ ಏಣಿಗೆ ಹಿಜಾಝ್‌ಕಾರ್ ಅಂತ ಹೆಸರಿದೆಯಂತೆ. ಅಲ್ಲಿ ಗಮಕ ಬೇರೆ, ನಡೆ ಬೇರೆ. ಹಾಗಾಗಿ ಅದನ್ನು ನಮ್ಮ ರಾಗ ಅನ್ನಲು ಬರುವುದಿಲ್ಲ. ಹಾಡಿನ ಎರಡನೇ ಭಾಗವಂತೂ ಮಧ್ಯಮದ ಕಡೆ ವಾಲಿಬಿಡುತ್ತದೆ. ಆದರೆ ಮೆಟ್ಟಿಲುಗಳು ಅವೇ.

ತಂತಿಪ್ರೇಮಿಯವರೇ, ಆ ಹಾಡು ಡೇಲ್ ಅವರದ್ದೇನಾ? ಅಥವಾ ಅದಕ್ಕೂ ಮೊದಲಿನದ್ದಾ?

ಗ್ರಾಮಫೋನ್ ಪ್ಲೇಟು
ಮಂದ್ರ ಅಮ್ಮ, ನಾನು ಉತ್ತರ ಹೇಳುತ್ತೇನೆ. ಹಾಡು ತುಂಬಾ ಹಳೆಯದು. ಮಿಸಿರ್ಲೂ ಅಂದರೆ ಈಜಿಪ್ಟಿನ ಹುಡುಗಿ. ತುರ್ಕಿ ಭಾಷೆಯಲ್ಲಿ ಈಜಿಪ್ಟಿಗೆ ಮಿಸಿರ್ ಅನ್ನುತ್ತಾರೆ. 1927ರಲ್ಲೇ ಥಿಯೊಡೊಟೊಸ್ ಡಿಮಿಟ್ರಿಯಾಡಿಸ್ ಎಂಬ ಗ್ರೀಕ್ ಗಾಯಕ ಇದನ್ನು ಪ್ಲೇಟಿಗೆ ಹಾಡಿದ್ದಾರೆ. 1941ರಲ್ಲಿ ನಿಕ್ ರೂಬಾನಿಸ್ ಎಂಬವರು ಅಮೆರಿಕದಲ್ಲಿ ಜಾಝ್ ರೂಪ ಕೊಟ್ಟರು. ಗ್ರೀಕರು, ತುರ್ಕಿಯವರು, ಅರಬರು, ಯಹೂದಿ ಮದುವೆ ಬ್ಯಾಂಡಿನವರು ಎಲ್ಲರೂ ನಮ್ಮದು ಅನ್ನುತ್ತಾರೆ. ಮೊದಲಿನ ಹಾಡು ನಿಧಾನ. ಒಬ್ಬ ಹೆಣ್ಣಿಗಾಗಿ ಹಂಬಲಿಸಿ ಹಾಡುವ ಹಾಡು. ಡೇಲ್ ಅದನ್ನು ಅಲೆ ಮುರಿಯುವ ವೇಗಕ್ಕೆ ತಂದರು.

ಅದು ಹೇಗಾಯಿತು ಅಂತ ಡೇಲ್ ಮತ್ತೆ ಮತ್ತೆ ಹೇಳುತ್ತಿದ್ದ ಕಥೆ ಇದೆ. ಒಬ್ಬ ಚಿಕ್ಕ ಹುಡುಗ ಬಂದು "ಇಡೀ ಹಾಡನ್ನು ಒಂದೇ ತಂತಿಯಲ್ಲಿ ನುಡಿಸುತ್ತೀಯಾ" ಅಂತ ಕೇಳಿದನಂತೆ. "ನಾಳೆ ಬಾ" ಅಂತ ಕಳಿಸಿದರು. ರಾತ್ರಿ ನಿದ್ದೆ ಇಲ್ಲ. ಆಗ ಬಂಧುವೊಬ್ಬರು ಊದ್‌ನಲ್ಲಿ ನುಡಿಸುತ್ತಿದ್ದ ಮಿಸಿರ್ಲೂ ನೆನಪಾಯಿತು. ನಿಧಾನವಾಗಿ ನುಡಿಸಿದರೆ ಸಪ್ಪೆ ಅನ್ನಿಸಿತು. ವೇಗ ಹೆಚ್ಚಿಸಿದರು. 1962ರಲ್ಲಿ ಅದು ಪ್ಲೇಟಾಗಿ ಬಂತು.

ಕೇಳಿ ನೋಡಿ. ಶುರುವಿನ ಭಾಗ ಪೂರ್ತಿ ಆರನೇ ತಂತಿಯಲ್ಲಿ. ಕತ್ತಿನ ಕೆಳಗಿನ ತುದಿಯಿಂದ ಮೇಲಕ್ಕೆ ಜಾರಿ ಬರುವ ಆ ಸದ್ದಿದೆಯಲ್ಲ, ಅದೂ ಅದೇ ತಂತಿ.

ತಂತಿಪ್ರೇಮಿ
ಧನ್ಯವಾದ ಪ್ಲೇಟಣ್ಣ. ಈಗ ಬಾಲ್ಬೊವಾ.

ಲಾಸ್ ಏಂಜಲಿಸ್‌ನಿಂದ ದಕ್ಷಿಣಕ್ಕೆ ಹೋದರೆ ನ್ಯೂಪೋರ್ಟ್ ಬೀಚ್. ಅಲ್ಲಿ ಬಾಲ್ಬೊವಾ ಅನ್ನುವ ಉದ್ದನೆಯ ಮರಳಿನ ನಾಲಿಗೆ. ಡೇಲ್ ಮೊದಲು ನುಡಿಸುತ್ತಿದ್ದದ್ದು ಅಲ್ಲಿನ ಒಂದು ಐಸ್‌ಕ್ರೀಮ್ ಅಂಗಡಿಯಲ್ಲಿ. ಬಂದ ಜನಕ್ಕೆ ಜಾಗ ಸಾಲಲಿಲ್ಲ. ಪಕ್ಕದಲ್ಲೇ 1928ರಲ್ಲಿ ಕಟ್ಟಿದ ರಾಂಡೆವೂ ಬಾಲ್‌ರೂಮ್ ಇತ್ತು. ದೊಡ್ಡ ಬ್ಯಾಂಡುಗಳ ಕಾಲದಲ್ಲಿ ತುಂಬಿ ತುಳುಕುತ್ತಿದ್ದ ಹಾಲ್, ಆಗ ಖಾಲಿ ಬಿದ್ದಿತ್ತು. ಮೂರ್ನಾಲ್ಕು ಸಾವಿರ ಜನ ಹಿಡಿಸುವ ಜಾಗ. ಡೇಲ್ ಮತ್ತು ಅಪ್ಪ ಅದನ್ನು ಕೇಳಿದರು. ಊರಿನ ಅಧಿಕಾರಿಗಳಿಗೆ ರಾಕ್ ಸಂಗೀತ ಅಂದರೆ ಭಯ. ಹುಡುಗರು ಟೈ ಕಟ್ಟಿಕೊಂಡು ಬರಬೇಕು ಅಂತ ಷರತ್ತು ಹಾಕಿದರು. ಡೇಲ್ ಹೇಳುತ್ತಿದ್ದ ಪ್ರಕಾರ ಮೊದಲ ರಾತ್ರಿ ಬಂದದ್ದು 17 ಜನ. ಎಲ್ಲಾ ಅವರ ಜೊತೆ ಅಲೆ ಹತ್ತುತ್ತಿದ್ದ ಗೆಳೆಯರು. ಕೊರಳಲ್ಲಿ ಟೈ, ಕಾಲಲ್ಲಿ ಚಪ್ಪಲಿ ಕೂಡ ಇಲ್ಲ.

1961ರ ಬೇಸಿಗೆ ಮುಗಿಯುವಷ್ಟರಲ್ಲಿ ಹಾಲ್ ತುಂಬಿತ್ತು. ಆ ಕುಣಿತಕ್ಕೆ ಸ್ಟಾಂಪ್ ಅಂತಲೇ ಹೆಸರು ಬಿತ್ತು. ಮರದ ನೆಲದ ಮೇಲೆ ಸಾವಿರಾರು ಕಾಲು ಒಂದೇ ಸಲ ದಬ್ ದಬ್ ಅಂತ ಬೀಳುವುದನ್ನು ನೆನೆಸಿಕೊಳ್ಳಿ. ಅದಕ್ಕೆ ಮೇಲಾಗಿ ಗಿಟಾರ್ ಕೇಳಿಸಬೇಕು! ಡೇಲ್ ಅವರಿಗೆ ದೊಡ್ಡ ಸದ್ದು ಬೇಕಾದದ್ದು ಶೋಕಿಗಲ್ಲ. ಆ ಹಾಲ್ ಕೇಳಿತು, ಕೊಟ್ಟರು.

ಅದೇ ವರ್ಷ 'ಲೆಟ್ಸ್ ಗೋ ಟ್ರಿಪ್ಪಿನ್' ಬಂತು. ಅಪ್ಪ ಮಗ ಸೇರಿ ಮಾಡಿದ್ದ ಡೆಲ್‌ಟೋನ್ ಕಂಪನಿಯದ್ದೇ ಪ್ಲೇಟು. ಬಿಲ್‌ಬೋರ್ಡ್ ಪಟ್ಟಿಯಲ್ಲಿ 60ನೇ ಸ್ಥಾನದವರೆಗೆ ಹೋಯಿತು. ಸರ್ಫ್ ರಾಕ್‌ನ, ಅಂದರೆ ಅಲೆ ಸವಾರರ ರಾಕ್ ಸಂಗೀತದ, ಮೊದಲ ಪ್ಲೇಟು ಅದೇ ಅಂತ ತುಂಬಾ ಜನ ಹೇಳುತ್ತಾರೆ.

ಗ್ರಾಮಫೋನ್ ಪ್ಲೇಟು
ಅಲ್ಲೊಂದು ತಕರಾರು ಇದೆ, ತಪ್ಪು ತಿಳಿಯಬೇಡಿ. ಡೇಲ್ ಮೇಲೆ ನಿಮ್ಮಷ್ಟೇ ಪ್ರೀತಿ ನನಗೂ ಇದೆ. ಆದರೆ ಅದೇ 1961ರಲ್ಲಿ ಬೆಲ್‌ಏರ್ಸ್ ಎಂಬ ಹದಿಹರೆಯದ ಹುಡುಗರ ತಂಡದ 'ಮಿಸ್ಟರ್ ಮೋಟೊ' ಕೂಡ ಬಂತು. ಅದಕ್ಕೂ ಮೊದಲು, 1958ರಲ್ಲಿ ಲಿಂಕ್ ರೇ ಅವರ 'ರಂಬಲ್' ಇತ್ತು. 1960ರಲ್ಲಿ ವೆಂಚರ್ಸ್ ತಂಡದ 'ವಾಕ್ ಡೋಂಟ್ ರನ್' ಇತ್ತು. ಡ್ವೇನ್ ಎಡ್ಡಿ ಅಂತೂ ದಪ್ಪ ತಂತಿಗಳ ಮೇಲೆ ಟ್ಯೂನ್ ಕಟ್ಟಿ ಮನೆಮಾತಾಗಿದ್ದರು. ಹಾಡುವವರಿಲ್ಲದೆ ಗಿಟಾರ್ ಒಂದೇ ಕಥೆ ಹೇಳಬಹುದು ಅಂತ ಅವರೆಲ್ಲಾ ಮೊದಲೇ ತೋರಿಸಿದ್ದರು. ಒಬ್ಬರೇ ಹುಟ್ಟಿಸಿದರು ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ತಂತಿಪ್ರೇಮಿ
ಒಪ್ಪಿದೆ. "ಮೊದಲು" ಅನ್ನುವ ಪದ ಬಿಡೋಣ. ಆದರೆ ಒಂದು ಕೇಳುತ್ತೇನೆ. ಅವರಲ್ಲಿ ಯಾರ ಕೈಗೆ ಆ್ಯಂಪ್ಲಿಫೈಯರ್ ಸುಟ್ಟುಹೋಗುತ್ತಿತ್ತು? ಡೇಲ್ ತಂತಿ 16ರಿಂದ ಶುರು, ದಪ್ಪದ್ದು 58ರ ಹತ್ತಿರ. ಹೊಸಬೆರಳು ತಮ್ಮಾ, ನಿನ್ನ 9ರ ತಂತಿ ಕೂದಲು ಇದ್ದ ಹಾಗೆ. ಅವರದ್ದು ಬೇಲಿ ತಂತಿ. ಅದರ ಮೇಲೆ ದಪ್ಪ ಪಿಕ್, ಅಂದರೆ ತಂತಿ ಮೀಟುವ ಬಿಲ್ಲೆ. ಒಂದೇ ಕಾರ್ಯಕ್ರಮದಲ್ಲಿ ಪಿಕ್‌ನ ಅಂಚು ಕಾದು ಕರಗಿ ಸವೆದುಹೋಗುತ್ತಿತ್ತು.

ಮುಲ್ಕಿ ಅಲೆ
ನಾನು ಸಂಗೀತದವನಲ್ಲ ಮಾರಾಯ್ರೆ. ಮುಲ್ಕಿಯವನು. ಮಂತ್ರ ಸರ್ಫ್ ಕ್ಲಬ್ ಕಡೆಯಲ್ಲೇ ಅಲೆ ಹತ್ತಲು ಕಲಿತದ್ದು. ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ಎರಡೂ ಹೊಳೆ ಕಡಲಿಗೆ ಸೇರುವ ಜಾಗ ಇದೆಯಲ್ಲ, ಅಲ್ಲೇ ನನ್ನ ಬೆಳಿಗ್ಗೆಗಳು ಕಳೆಯುವುದು.

ಸರ್ಫ್ ಸಂಗೀತ ಅಂದರೆ ಬೀಚು, ಬಿಸಿಲು, ಕುಣಿತ ಅಂತ ಎಲ್ಲರೂ ತಿಳಿದಿದ್ದಾರೆ. ಕಡಲೊಳಗೆ ಇರುವಾಗ ಹಾಗಿರುವುದಿಲ್ಲ. ಹಲಗೆಯ ಮೇಲೆ ಹೊಟ್ಟೆ ಹಚ್ಚಿ ಮಲಗಿ ಕೈಯಲ್ಲಿ ನೀರು ಎಳೆಯುತ್ತಾ ಇರುತ್ತೀರಿ. ಹಿಂದಿನಿಂದ ಅಲೆ ಏಳುವಾಗ ಮೊದಲು ಸದ್ದು ಕಿವಿಗೆ ಬರುವುದಿಲ್ಲ, ಹಲಗೆಗೆ ಬರುತ್ತದೆ. ಎದೆಗೆ ಗುಡುಗುಡು ಅಂತ. ಆಮೇಲೆ ಹಿಂಬದಿ ಮೇಲೆತ್ತುತ್ತದೆ. ಆಮೇಲೆ ನೀರು ಮುರಿಯುವ ಸದ್ದು ಒಮ್ಮೆಗೇ ಮುಚ್ಚಿಕೊಳ್ಳುತ್ತದೆ. ತಪ್ಪಿ ಬಿದ್ದರೆ ಒಳಗೆ ಬಟ್ಟೆ ಒಗೆದ ಹಾಗೆ ಹೊರಳಿಸುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗುವುದಿಲ್ಲ.

ಡೇಲ್ ಅವರ ಆ ದಪ್ಪ ತಂತಿಯ ಗುಡುಗು ಕೇಳಿದಾಗ ನನಗೆ ಹಲಗೆಯ ಮೇಲಿನ ಎದೆ ನೆನಪಾಯಿತು. ಬಿಸಿಲು ನೆನಪಾಗಲಿಲ್ಲ. ಅಲೆಯೊಳಗೆ ಇದ್ದು ಬಂದವನೇ ಹಾಗೆ ನುಡಿಸಬಲ್ಲ.

ವಾಲ್ವ್ ರಿಪೇರಿ
ಬೆಂಗಳೂರಿನ ಎಸ್.ಪಿ. ರೋಡ್ ಹತ್ತಿರ ನನ್ನ ಸಣ್ಣ ಅಂಗಡಿ. ಆ್ಯಂಪ್, ಸ್ಪೀಕರ್ ರಿಪೇರಿ. ನಾನು ಡೇಲ್ ಅವರನ್ನು ಪ್ರೀತಿಸುವುದು ಬೇರೆ ಕಾರಣಕ್ಕೆ. ಇವತ್ತು ಯಾವ ದೊಡ್ಡ ವೇದಿಕೆಯಲ್ಲಿ ನಿಂತು ಯಾರು ಗಿಟಾರ್ ನುಡಿಸಿದರೂ ಹಿಂದಿರುವ ಆ್ಯಂಪ್‌ನಲ್ಲಿ ಅವರ ಪಾಲಿದೆ.

ಕಥೆ ಹೀಗೆ. ಲಿಯೊ ಫೆಂಡರ್ ಅವರ ಕಾರ್ಖಾನೆ ಇದ್ದದ್ದು ಅಲ್ಲೇ ಹತ್ತಿರದ ಫುಲ್ಲರ್ಟನ್‌ನಲ್ಲಿ. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಪ್ರಪಂಚಕ್ಕೆ ಗಿಟಾರ್ ಮಾಡಿಕೊಟ್ಟ ಮನುಷ್ಯ. ಹಾಗಾಗಿ ನುಡಿಸುವವರ ಕೈಗೆ ಕೊಟ್ಟು, ಅವರು ಏನು ಹೇಳುತ್ತಾರೆ ಅಂತ ಕೇಳಿ ತಿದ್ದುವುದು ಅವರ ಪದ್ಧತಿ. ಡೇಲ್ ಕೈಗೆ ತಮ್ಮ ಸ್ಟ್ರಾಟೊಕ್ಯಾಸ್ಟರ್ ಗಿಟಾರ್ ಕೊಟ್ಟರು, ಆ್ಯಂಪ್ ಕೊಟ್ಟರು. ಡೇಲ್ ಸುಟ್ಟು ತಂದರು. ಇನ್ನೊಂದು ಕೊಟ್ಟರು. ಅದೂ ಸುಟ್ಟಿತು. ಐವತ್ತರ ಹತ್ತಿರ ಆ್ಯಂಪ್ ಹೋಗಿರಬಹುದು ಅಂತ ಡೇಲ್ ಹೇಳಿಕೊಂಡಿದ್ದಾರೆ. ಕಾರ್ಖಾನೆಯೊಳಗೆ ಕೂತು ಕೇಳಿದರೆ ಲಿಯೊ ಅವರಿಗೆ ಅರ್ಥವಾಗಲಿಲ್ಲ. ಒಂದು ರಾತ್ರಿ ತಮ್ಮ ಜೊತೆಗಾರ ಫ್ರೆಡ್ಡಿ ಟವಾರೆಸ್ ಅವರನ್ನು ಕರೆದುಕೊಂಡು ರಾಂಡೆವೂ ಹಾಲ್‌ಗೇ ಬಂದು ಜನರ ನಡುವೆ ನಿಂತರು. ಅಲ್ಲಿ ಅರ್ಥವಾಯಿತು. ಜನ ತುಂಬಿದ ಹಾಲ್ ಸದ್ದನ್ನು ಕುಡಿಯುತ್ತದೆ. ಮೈ, ಬಟ್ಟೆ ಎಲ್ಲಾ ಹೀರಿಕೊಳ್ಳುತ್ತದೆ.

ವಾಪಸ್ ಹೋಗಿ ದೊಡ್ಡ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುತ್ತಿಸಿದರು. ವಾಲ್ವಿನಿಂದ ಬರುವ ಕರೆಂಟನ್ನು ಸ್ಪೀಕರಿಗೆ ಹೊಂದುವ ಹಾಗೆ ಬದಲಿಸಿ ಕೊಡುವುದು ಅದರ ಕೆಲಸ. ಕಬ್ಬಿಣದ ತಿರುಳು ಚಿಕ್ಕದಿದ್ದರೆ ಮಂದ್ರದ ಸ್ವರ ಬಂದಾಗ ತುಂಬಿಹೋಗುತ್ತದೆ, ಸದ್ದು ಒಡೆಯುತ್ತದೆ. ದೊಡ್ಡದು ಮಾಡಿದ ಮೇಲೆ 85 ವಾಟ್, ಜೋರು ಹೊಡೆತಕ್ಕೆ 100ರವರೆಗೆ. ಅದಕ್ಕೆ ಜೆಬಿಎಲ್ ಕಂಪನಿಯ 15 ಅಂಗುಲದ ಸ್ಪೀಕರ್. ಅದೇ ಶೋಮನ್ ಆ್ಯಂಪ್. ಆದರೂ ಸ್ಪೀಕರ್ ತಿರುಚಿ ಹರಿಯುತ್ತಿತ್ತು. ಅಂಚಿಗೆ ರಬ್ಬರಿನಂಥ ಲೇಪ ಹಚ್ಚಿಸಿದರು ಅಂತ ಡೇಲ್ ಹೇಳುತ್ತಿದ್ದರು. ಆಮೇಲೆ ಎರಡು ಸ್ಪೀಕರಿನ ಡ್ಯುಯಲ್ ಶೋಮನ್ ಬಂತು.

ಹೋದ ತಿಂಗಳು ಒಬ್ಬ ಹುಡುಗ ಸ್ಪೀಕರ್ ತಂದುಕೊಟ್ಟ. ಕಾಗದದ ಕೋನ್ ಅಂಚಿನಲ್ಲಿ ಅರ್ಧ ಚಂದ್ರದ ಹಾಗೆ ಹರಿದಿತ್ತು. ಬಿಚ್ಚಿದರೆ ಒಳಗೆ ಕಾಯಿಲ್ ಕಪ್ಪಗೆ. ತಾಮ್ರದ ಮೇಲಿನ ವಾರ್ನಿಷ್ ಸುಟ್ಟು ಬೆಲ್ಲ ಹತ್ತಿದ ಹಾಗೆ ಅಂಟಂಟು. ಆ ವಾಸನೆ ನನಗೆ ದಿನಾ ಗೊತ್ತಿರುವ ವಾಸನೆ. 60 ವರ್ಷದ ಹಿಂದೆ ಫುಲ್ಲರ್ಟನ್‌ನಲ್ಲಿ ಬೆಳಿಗ್ಗೆ ಬೆಳಿಗ್ಗೆ ಅದೇ ವಾಸನೆ ಇದ್ದಿರಬೇಕು, ಡೇಲ್ ಬಂದು ಹೋದ ಮೇಲೆ.

ಹೊಸಬೆರಳು
ವಾಲ್ವ್ ಸರ್, ಸರ್ಫ್ ಸೌಂಡ್ ಅಂದರೆ ಆ ನೀರೊಳಗೆ ನುಡಿಸಿದ ಹಾಗಿರುವ ರಿವರ್ಬ್ ಅಲ್ವಾ? ಅದನ್ನೂ ಡೇಲ್ ಕಂಡುಹಿಡಿದದ್ದಾ?

ವಾಲ್ವ್ ರಿಪೇರಿ
ಇಲ್ಲ ಮರಿ. ಸ್ಪ್ರಿಂಗ್ ರಿವರ್ಬ್ ಹ್ಯಾಮಂಡ್ ಆರ್ಗನ್‌ನಲ್ಲಿ ಮೊದಲೇ ಇತ್ತು. ಒಂದು ತಗಡಿನ ಡಬ್ಬಿಯೊಳಗೆ ಉದ್ದದ ಸ್ಪ್ರಿಂಗ್ ಕಟ್ಟಿರುತ್ತಾರೆ. ಒಂದು ತುದಿಯಲ್ಲಿ ಸದ್ದು ಕೊಟ್ಟರೆ ಅದು ಸ್ಪ್ರಿಂಗಿನಲ್ಲಿ ಓಡಿ, ಇನ್ನೊಂದು ತುದಿಗೆ ಬಡಿದು, ವಾಪಸ್ ಬಂದು, ಮತ್ತೆ ಹೋಗುತ್ತದೆ. ಆ ಓಡಾಟವೇ ರಿವರ್ಬ್. ಡಬ್ಬಿಗೆ ಕೈಯಲ್ಲಿ ಒಂದು ಏಟು ಕೊಟ್ಟರೆ ಸ್ಪೀಕರಿನಲ್ಲಿ ಸಿಡಿಲು ಬಡಿದ ಹಾಗೆ ಸದ್ದಾಗುತ್ತದೆ. ಫೆಂಡರ್ ಅದನ್ನು 1961ರಲ್ಲಿ ಪ್ರತ್ಯೇಕ ಪೆಟ್ಟಿಗೆಯಾಗಿ ತಂದರು. ಡೇಲ್ ಅದನ್ನು ಬಯಸಿದ್ದು ಮೊದಲು ತಮ್ಮ ಹಾಡುವ ದನಿಗೆ. 'ಲೆಟ್ಸ್ ಗೋ ಟ್ರಿಪ್ಪಿನ್' ಕೇಳು, ರಿವರ್ಬ್ ಇಲ್ಲವೇ ಇಲ್ಲ. ಸರ್ಫ್ ಸದ್ದು ಅಂದರೆ ರಿವರ್ಬ್ ಅಂದರೆ ಡೇಲ್ ಅವರಿಗೆ ಸಿಟ್ಟೇ ಬರುತ್ತಿತ್ತು. ದಪ್ಪ ತಂತಿಯ ಮೇಲೆ ಡ್ರಮ್ ಹೊಡೆತ, ಅದೇ ಸರ್ಫ್ ಅನ್ನುತ್ತಿದ್ದರು.

ತಂತಿಪ್ರೇಮಿ
ನಾನು ಶುರುವಿನಲ್ಲಿ ಹೇಳಿದ್ದು ಇದೇ! ಮೊದಲು ಕೈ. ಯಂತ್ರ ಆ ಕೈಯ ಹಿಂದೆ ಓಡಿ ಬಂತು.

ಗ್ರಾಮಫೋನ್ ಪ್ಲೇಟು
ಮುಂದಿನದ್ದು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಬೇಗ ಮುಗಿದ ಕಾಲ ಅದು. 1962ರಲ್ಲಿ ಮೊದಲ ಆಲ್ಬಂ 'ಸರ್ಫರ್ಸ್ ಚಾಯ್ಸ್'. ಹೊದಿಕೆಯ ಮೇಲೆ ಅಲೆ ಹತ್ತಿದ ಡೇಲ್ ಅವರದ್ದೇ ಫೋಟೊ. ಆಮೇಲೆ ಕ್ಯಾಪಿಟಲ್ ಕಂಪನಿ ಜೊತೆ ಕರಾರು. 1963ರಲ್ಲಿ ಎಡ್ ಸುಲಿವಾನ್ ಟಿವಿ ಕಾರ್ಯಕ್ರಮ. 'ಬೀಚ್ ಪಾರ್ಟಿ', 'ಮಸಲ್ ಬೀಚ್ ಪಾರ್ಟಿ' ಸಿನಿಮಾಗಳು. ಬೀಚ್ ಬಾಯ್ಸ್ ಅವರೂ ತಮ್ಮ 1963ರ ಆಲ್ಬಂನಲ್ಲಿ ಡೇಲ್ ಅವರ ಎರಡೂ ಟ್ಯೂನ್ ನುಡಿಸಿದರು. ಬೇರೆ ತಂಡಗಳ 'ಪೈಪ್‌ಲೈನ್', 'ವೈಪ್‌ಔಟ್' ಎಲ್ಲಾ ಅದೇ ವರ್ಷದ ಫಸಲು. 1964ರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದರು. ಅಲ್ಲಿಗೆ ಸರ್ಫ್ ಸಂಗೀತದ ಮಳಿಗೆ ಮುಚ್ಚಿದ ಹಾಗೆ ಆಯಿತು. ಕಂಪನಿ ಡೇಲ್ ಅವರನ್ನು ಕೈಬಿಟ್ಟಿತು. 1966ರಲ್ಲಿ ರಾಂಡೆವೂ ಹಾಲ್ ಕೂಡ ಬೆಂಕಿಗೆ ಆಹುತಿಯಾಯಿತು.

ಆರೆಂಜ್ ಕೌಂಟಿ ಕನ್ನಡಿಗ
ನಾನು ಆ ಜಾಗಕ್ಕೆ ಹೋಗಿದ್ದೇನೆ. ಇಲ್ಲಿಗೆ ಬಂದು ಹನ್ನೆರಡು ವರ್ಷ ಆಯಿತು. ಮೊದಲ ಸಲ ಬಾಲ್ಬೊವಾಗೆ ಹೋದಾಗ ಹಾಲ್ ಇನ್ನೂ ಇದೆ ಅಂದುಕೊಂಡು ಹುಡುಕಿದೆ. ಈಗ ಅಲ್ಲಿ ಮನೆಗಳಿವೆ. ಮರಳು, ಕಾಲುದಾರಿ, ಸೈಕಲ್ ಹೊಡೆಯುವ ಮಕ್ಕಳು. ಕಡಲು ಮಾತ್ರ ಅಲ್ಲೇ, ನೂರು ಹೆಜ್ಜೆ ದೂರದಲ್ಲಿ.

ಅವರನ್ನು ನೋಡಿಯೂ ಇದ್ದೇನೆ, ಕೊನೆಯ ವರ್ಷಗಳಲ್ಲಿ, ಒಂದು ಸಣ್ಣ ಕ್ಲಬ್‌ನಲ್ಲಿ. ಬಿಳಿ ಕೂದಲು ಹಿಂದಕ್ಕೆ ಕಟ್ಟಿದ್ದರು, ಕೈಯಲ್ಲಿ ಬಂಗಾರದ ಬಣ್ಣದ ಸ್ಟ್ರಾಟ್. ಜೊತೆಗೆ ಬೇಸ್, ಡ್ರಮ್, ಮೂರೇ ಜನ. ಮೊದಲ ಹೊಡೆತಕ್ಕೆ ನನ್ನ ಕೈಯಲ್ಲಿದ್ದ ನೀರಿನ ಲೋಟ ನಡುಗಿತು. ಮುಲ್ಕಿಯವರು ಹೇಳಿದ್ದು ಓದಿದಾಗ ಮೈ ಜುಮ್ ಅಂದಿತು. ನನಗೂ ಅದು ಕಿವಿಗಿಂತ ಮೊದಲು ಎದೆಗೇ ಬಂದಿತ್ತು. ಕಾರ್ಯಕ್ರಮ ಮುಗಿದ ಮೇಲೆ ಮೇಜಿನ ಹಿಂದೆ ಕೂತು ಬಂದವರ ಜೊತೆಯೆಲ್ಲಾ ಮಾತಾಡಿದರು. ಒಬ್ಬ ಹೆಂಗಸು ತನ್ನ ಕಾಯಿಲೆ ಹೇಳಿಕೊಂಡಳು. ಸಾಲು ಹಿಂದೆ ಬೆಳೆಯುತ್ತಿತ್ತು. ಅವರಿಗೆ ಅವಸರವೇ ಇರಲಿಲ್ಲ, ಅವಳ ಕೈ ಹಿಡಿದು ಕೂತಿದ್ದರು.

ಮಂದ್ರ
ಅವರಿಗೂ ಕಾಯಿಲೆ ಇತ್ತಾ?

ತಂತಿಪ್ರೇಮಿ
ಹೌದು ಅಮ್ಮ. ಅರವತ್ತರ ದಶಕದ ನಡುವಲ್ಲೇ ಗುದನಾಳದ ಕ್ಯಾನ್ಸರ್. ಇನ್ನೂ ಮೂವತ್ತು ತುಂಬಿರಲಿಲ್ಲ. ಮೂರು ತಿಂಗಳು ಅಂದಿದ್ದರಂತೆ ಡಾಕ್ಟರು. ಶಸ್ತ್ರಚಿಕಿತ್ಸೆ ಆಯಿತು, ಬದುಕಿದರು. ಸ್ವಲ್ಪ ಕಾಲ ಹವಾಯಿಯಲ್ಲಿದ್ದರು. 1967ರ ಹೆಂಡ್ರಿಕ್ಸ್ ಹಾಡೊಂದರಲ್ಲಿ, ಇನ್ನು ಸರ್ಫ್ ಸಂಗೀತ ಕೇಳಿಸುವುದಿಲ್ಲ ಅನ್ನುವ ಮಾತು ಬರುತ್ತದೆ. ತನ್ನ ಕಾಯಿಲೆ ಸುದ್ದಿ ಕೇಳಿ ಹೆಂಡ್ರಿಕ್ಸ್ ಹಾಗಂದದ್ದು ಅಂತ ಡೇಲ್ ನಂಬಿದ್ದರು.

1979ರಲ್ಲಿ ಇನ್ನೊಂದು ಗಂಡಾಂತರ. ನ್ಯೂಪೋರ್ಟ್ ಕಡೆ ಕಡಲಲ್ಲಿ ಈಜುವಾಗ ಕಾಲಿಗೆ ಸಣ್ಣ ಗಾಯ. ನೀರಿನ ಕೊಳಕಿನಿಂದ ಅದು ಕೀವಾಗಿ ಕಾಲೇ ತೆಗೆಯಬೇಕಾಗುವ ಹಂತಕ್ಕೆ ಹೋಯಿತು. ಅಲ್ಲಿಂದ ಮುಂದೆ ಕಡಲು ಕೆಡಿಸುವುದರ ವಿರುದ್ಧ ಗಟ್ಟಿಯಾಗಿ ಮಾತಾಡಿದರು. ಯಾವ ಕಡಲು ಹೆಸರು ಕೊಟ್ಟಿತೋ ಅದೇ ಕಡಲಿನಲ್ಲಿ ಆದ ಗಾಯ. ಅದಕ್ಕಾಗಿ ಕಡಲನ್ನು ಬೈಯಲಿಲ್ಲ, ಅದರ ಪರವಾಗಿ ನಿಂತರು. ನನಗೆ ಅವರ ಬದುಕಿನಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ಮುಲ್ಕಿ ಅಲೆ
ಇದು ಗೊತ್ತಿರಲಿಲ್ಲ. ಮಳೆ ಶುರುವಾದ ಕೂಡಲೇ ಹೊಳೆಬಾಯಿಯಲ್ಲಿ ನೀರು ಕೆಂಪಾಗಿ, ಮೇಲಿನಿಂದ ಏನೆಲ್ಲಾ ಕಸ ತೇಲಿ ಬರುತ್ತದೆ. ಕಾಲಲ್ಲಿ ಗೀರು ಇದ್ದರೆ ನಾವು ನೀರಿಗೆ ಇಳಿಯುವುದಿಲ್ಲ. ನನ್ನ ತಮ್ಮ ಇಳಿದು ಹದಿನೈದು ದಿನ ಜ್ವರದಲ್ಲಿ ಮಲಗಿದ್ದ.

ಹೊಸಬೆರಳು
ಹಾಗಾದರೆ ಪಲ್ಪ್ ಫಿಕ್ಷನ್ ಬಂದ ಮೇಲೇ ಅವನು ವಾಪಸ್ ಬಂದದ್ದು ಅಲ್ವಾ?

ಗ್ರಾಮಫೋನ್ ಪ್ಲೇಟು
ಎಲ್ಲರೂ ಹೀಗೇ ಹೇಳುತ್ತಾರೆ. ಪೂರ್ತಿ ಸರಿಯಲ್ಲ. 1987ರಲ್ಲಿ 'ಬ್ಯಾಕ್ ಟು ದ ಬೀಚ್' ಸಿನಿಮಾಕ್ಕೆ ಸ್ಟೀವಿ ರೇ ವಾನ್ ಜೊತೆ 'ಪೈಪ್‌ಲೈನ್' ನುಡಿಸಿ ಗ್ರ್ಯಾಮಿಗೆ ನಾಮನಿರ್ದೇಶನ ಆಗಿದ್ದರು. ಆ ಇಬ್ಬರ ಕೈ ಎದುರುಬದುರಾಗುವುದನ್ನು ಒಮ್ಮೆ ಕೇಳಲೇಬೇಕು. 1993ರಲ್ಲಿ 'ಟ್ರೈಬಲ್ ಥಂಡರ್' ಎಂಬ ಗಟ್ಟಿ ಆಲ್ಬಂ ಬಂದಿತ್ತು. ಪಲ್ಪ್ ಫಿಕ್ಷನ್ ಬಂದದ್ದು 1994ರಲ್ಲಿ. ಅವರು ಆಗಲೇ ದಾರಿಯಲ್ಲಿದ್ದರು. ಅದರ ನಿರ್ದೇಶಕ ಟ್ಯಾರಂಟಿನೊ ಆ ದಾರಿಗೆ ದೀಪ ಹಾಕಿದರು. ಆಮೇಲೆ ಬ್ಲ್ಯಾಕ್ ಐಡ್ ಪೀಸ್ ತಂಡ 'ಪಂಪ್ ಇಟ್' ಹಾಡಿಗೆ ಅದೇ ಮಿಸಿರ್ಲೂ ಬಳಸಿಕೊಂಡಿತು. ನಿನ್ನ ವಯಸ್ಸಿನವರು ಡೇಲ್ ಕೈಯನ್ನು ಮೊದಲು ಕೇಳಿದ್ದು ಅದರಲ್ಲೇ ಇರಬೇಕು.

ಆರೆಂಜ್ ಕೌಂಟಿ ಕನ್ನಡಿಗ
ಕೊನೆಯ ವರ್ಷಗಳ ಬಗ್ಗೆ ಒಂದು ಮಾತು. ಕ್ಯಾನ್ಸರ್ ವಾಪಸ್ ಬಂದಿತ್ತು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ. ಕರುಳಿನ ಶಸ್ತ್ರಚಿಕಿತ್ಸೆ ಆದ ಮೇಲೆ ಹೊಟ್ಟೆಗೆ ಚೀಲ ಕಟ್ಟಿಕೊಂಡೇ ವೇದಿಕೆ ಹತ್ತುತ್ತಿದ್ದರು. 2015ರಲ್ಲಿ, 78ನೇ ವಯಸ್ಸಿನಲ್ಲಿ, ಒಂದು ಪತ್ರಿಕೆಗೆ ಅದನ್ನು ಮುಚ್ಚುಮರೆ ಇಲ್ಲದೆ ಹೇಳಿದರು. ಆ ಚೀಲ, ಪಟ್ಟಿಗಳಿಗೇ ತಿಂಗಳಿಗೆ 3,000 ಡಾಲರ್ ಬೇಕು, ಊರೂರು ತಿರುಗಿ ನುಡಿಸುವುದನ್ನು ನಿಲ್ಲಿಸಿದರೆ ಸಾಯುತ್ತೇನೆ ಅಂತ. ಇಲ್ಲಿ ಬದುಕುವ ನಮಗೆ ಆಸ್ಪತ್ರೆ ಬಿಲ್ಲಿನ ಭಯ ಚೆನ್ನಾಗಿ ಗೊತ್ತು. ಆದರೂ ಓದಿದ ದಿನ ಊಟ ಸೇರಲಿಲ್ಲ. ಫೆಂಡರ್ ಆ್ಯಂಪ್ ಬದಲಾಯಿಸಿದ ಕೈಗೆ ಆ ವಯಸ್ಸಿನಲ್ಲಿ ವಿಶ್ರಾಂತಿ ಇಲ್ಲ.

2019ರ ಮಾರ್ಚ್ 16ರಂದು ಲೋಮ ಲಿಂಡಾದಲ್ಲಿ ತೀರಿಕೊಂಡರು. 81 ವರ್ಷ. ಹೃದಯ ಸೋತಿತ್ತು.

ತಂತಿಪ್ರೇಮಿ
ಅಷ್ಟು ನೋವಿನಲ್ಲಿ ನುಡಿಸಿದ ವಿಡಿಯೊಗಳನ್ನು ನಾನು ತುಂಬಾ ನೋಡಿದ್ದೇನೆ. ಎಡಗೈ ಮಣಿಕಟ್ಟು ನೋಡಿ. ಮುಖದಲ್ಲಿ ಸುಸ್ತು ಕಾಣಿಸುತ್ತದೆ, ಕೈಯಲ್ಲಿ ಕಾಣಿಸುವುದಿಲ್ಲ. ಗಿಟಾರ್ ಬಿಟ್ಟು ಡ್ರಮ್ ಹತ್ತಿರ ಹೋಗಿ ಕೋಲು ಹಿಡಿದು, ಬೇಸ್ ಗಿಟಾರಿನ ತಂತಿಗಳ ಮೇಲೆ ತಾಳ ಬಾರಿಸುವುದೂ ಇದೆ. ಬೇಸ್‌ನವರು ಕೈ ಬೆರಳಲ್ಲಿ ಸ್ವರ ಹಿಡಿಯುತ್ತಾರೆ, ಡೇಲ್ ಕೋಲಿನಲ್ಲಿ ಹೊಡೆಯುತ್ತಾರೆ. ದರ್ಬೂಕಾ ಕಲಿತ ಹುಡುಗ ಅಲ್ಲಿ ಎದ್ದು ಕಾಣುತ್ತಾನೆ.

ಮಂದ್ರ
ನಿನ್ನೆ ಒಂದು ಕೆಲಸ ಮಾಡಿದೆ. ವೀಣೆಯ ಮಂದ್ರ ತಂತಿ ಷಡ್ಜಕ್ಕೇ ಶ್ರುತಿ ಇರುತ್ತದಲ್ಲ. ಬಿಟ್ಟ ತಂತಿಯಿಂದ ಶುರು ಮಾಡಿ ಮಿಸಿರ್ಲೂ ಹುಡುಕಿದೆ. ಅದೊಂದೇ ತಂತಿಯಲ್ಲಿ. ನಾವು ಕೆಳಮುಖವಾಗಿ ಮಾತ್ರ ಮೀಟುವುದು, ಮೇಲಕ್ಕೆ ಇಲ್ಲ. ಹಾಗಾಗಿ ಆ ವೇಗ ಬರುವುದಿಲ್ಲ. ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ಬಿಡದೆ ಮೀಟಿದೆ. ಊದ್ ನುಡಿಸುತ್ತಿದ್ದ ಆ ಬಂಧುವಿನ ವೇಗ ಇಷ್ಟೇ ಇತ್ತೇನೋ. ಪಾಠಕ್ಕೆ ಬಂದ ಎರಡನೇ ಕ್ಲಾಸಿನ ಹುಡುಗಿ ಬಾಗಿಲಲ್ಲೇ ನಿಂತು ಕೇಳಿ, "ಮಿಸ್, ಇದು ನನ್ನ ಸರಳೆ ವರಸೆ" ಅಂದಳು.

ಹೊಸಬೆರಳು
ಮಂದ್ರ ಮೇಡಂ, ಅದನ್ನು ದಯವಿಟ್ಟು ರೆಕಾರ್ಡ್ ಮಾಡಿ ಹಾಕಿ.

ನನ್ನ ಕಡೆಯಿಂದ ಸುದ್ದಿ: ಆರನೇ ತಂತಿ ಮಾತ್ರ 56ರದ್ದು ತಂದು ಹಾಕಿದೆ. ಕತ್ತಿನ ತುದಿಯಲ್ಲಿ ತಂತಿ ಕೂರುವ ನಟ್‌ನ ಕಚ್ಚಿನಲ್ಲಿ ಕೂರಲಿಲ್ಲ, ಮರಳುಕಾಗದ ಸುತ್ತಿ ಸ್ವಲ್ಪ ಅಗಲ ಮಾಡಿಕೊಂಡೆ. ಈಗ ಪಿಕ್ ಹೊಡೆದರೆ ತಂತಿ ಬಾಗಿ ತಪ್ಪಿಸಿಕೊಳ್ಳುವುದಿಲ್ಲ, ವಾಪಸ್ ತಳ್ಳುತ್ತದೆ. ಮೊಣಕೈ ಗಟ್ಟಿ ಹಿಡಿಯುವುದು ಬಿಟ್ಟು ಮಣಿಕಟ್ಟಿನಿಂದ ಹೊಡೆದೆ, ಅಣ್ಣ ಹೇಳಿದ ಹಾಗೆ ಡ್ರಮ್ ಅಂತ ತಿಳಿದುಕೊಂಡು. 40 ಸೆಕೆಂಡ್ ನಿಂತಿತು. ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿದೆ.

ವಾಲ್ವ್ ರಿಪೇರಿ
ಬೊಬ್ಬೆ ಒಡೆಯಬೇಡ, ಎರಡು ದಿನ ಬಿಡು. ಒಂದೇ ದಪ್ಪ ತಂತಿ ಹಾಕಿದರೆ ಕತ್ತು ಒಂದು ಪಕ್ಕಕ್ಕೆ ಎಳೆಯುತ್ತದೆ. ಪೂರ್ತಿ ಸೆಟ್ ಹಾಕುವುದಾದರೆ ಮೊದಲು ಕತ್ತಿನೊಳಗಿನ ಸರಳು, ಟ್ರಸ್ ರಾಡ್, ನೋಡಬೇಕು. ಶನಿವಾರ ಅಂಗಡಿಗೆ ತಗೊಂಡು ಬಾ, ನೋಡೋಣ. ಆ್ಯಂಪ್ ಕೂಡ ತಾ.